ಜೆ-1 ವೀಸಾಕ್ಕೆ ಪ್ರಾಯೋಜಕರು ಯಾರು? ಕಾರ್ಮಿಕ ಸಂಬಂಧಗಳ ಸಲಹೆಗಾರ್ತಿಯೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯ ಸ್ನಾತಕೋತ್ತರ) ಪದವೀಧರೆ, ವಯಸ್ಸು 33. ಬಿಡದಿಯ ಬಳಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಐ.ಆರ್. (ಕೈಗಾರಿಕಾ ಸಂಬಂಧಗಳ) ವಿಭಾಗದಲ್ಲಿ ಆರು ವರ್ಷ ಕೆಲಸ ಮಾಡಿ, ಕಳೆದ ಎರಡು ವರ್ಷಗಳಿಂದ ಪೀಣ್ಯದ ಕೆಲವು ಸಣ್ಣ ಕಾರ್ಖಾನೆಗಳಿಗೆ ಸ್ವತಂತ್ರ ಸಲಹೆಗಾರ್ತಿಯಾಗಿದ್ದೇನೆ. ಅಮೆರಿಕದಲ್ಲಿ ಲೇಬರ್ ರಿಲೇಷನ್ಸ್ ಕನ್ಸಲ್ಟೆಂಟ್ ಹುದ್ದೆ ಕೊಟ್ಟು ಜೆ-1 ವೀಸಾಕ್ಕೆ ಪ್ರಾಯೋಜಕತ್ವ ವಹಿಸುವ ಕಂಪನಿಗಾಗಿ ಎಂಟು ತಿಂಗಳಿಂದ ಹುಡುಕುತ್ತಿದ್ದೇನೆ. ಕಳಿಸಿದ ಅರ್ಜಿಗಳು ನೂರು ದಾಟಿವೆ, ಉತ್ತರ ಬಂದಿಲ್ಲ. ಏಜೆಂಟರೊಬ್ಬರು ನಾಲ್ಕು ಲಕ್ಷ ರೂಪಾಯಿ ಕೊಟ್ಟರೆ ‘ಖಚಿತವಾಗಿ’ ಮಾಡಿಸಿಕೊಡುವುದಾಗಿ ಹೇಳುತ್ತಿದ್ದಾರೆ. ಏನು ಮಾಡಲಿ? ಹೋದರೆ ಎರಡು ವರ್ಷ ಭಾರತದಲ್ಲಿ ಇರಲೇಬೇಕೆಂಬ ನಿಯಮ ನನಗೆ ಅನ್ವಯಿಸುತ್ತದೆಯೇ? ನನ್ನ ಪತಿ ಅಲ್ಲಿ ಕೆಲಸ ಮಾಡಬಹುದೇ?

ಉತ್ತರ: ನಿಮ್ಮ ಅರ್ಜಿಗಳಿಗೆ ಉತ್ತರ ಬಾರದಿರಲು ನಿಮ್ಮ ಅರ್ಹತೆಯ ಕೊರತೆ ಕಾರಣವಲ್ಲ. ನೀವು ಕೇಳುತ್ತಿರುವುದನ್ನು ಕೊಡುವ ಅಧಿಕಾರ ನೀವು ಬರೆದ ಕಂಪನಿಗಳಿಗೆ ಇಲ್ಲದಿರುವುದೇ ಕಾರಣ. ಎಚ್-1ಬಿ ಎಂಬ ಉದ್ಯೋಗ ವೀಸಾದಲ್ಲಿ ಕೆಲಸ ಕೊಡುವ ಕಂಪನಿಯೇ ಪ್ರಾಯೋಜಕ. ವಿನಿಮಯ ಕಾರ್ಯಕ್ರಮಗಳಿಗಾಗಿ ಇರುವ ಜೆ-1ರಲ್ಲಿ ಹಾಗಲ್ಲ. ಇಲ್ಲಿ ಪ್ರಾಯೋಜಕ ಎಂದರೆ ಅಮೆರಿಕದ ವಿದೇಶಾಂಗ ಇಲಾಖೆಯಿಂದ ಮಾನ್ಯತೆ ಪಡೆದ, ಸಾಮಾನ್ಯವಾಗಿ ವಿನಿಮಯ ಕಾರ್ಯಕ್ರಮ ನಡೆಸುವುದನ್ನೇ ಕೆಲಸವಾಗಿಸಿಕೊಂಡ ಪ್ರತ್ಯೇಕ ಸಂಸ್ಥೆ. ನೀವು ಹೋಗಿ ಕೂರುವ ಕಚೇರಿ ಬರೀ ಆತಿಥೇಯ ಸಂಸ್ಥೆ. ವೀಸಾ ಅರ್ಜಿಗೆ ಆಧಾರವಾದ ಡಿ.ಎಸ್.-2019 ಪ್ರಮಾಣಪತ್ರವನ್ನು ಕೊಡುವುದು ಪ್ರಾಯೋಜಕ ಸಂಸ್ಥೆಯೇ ಹೊರತು ಆತಿಥೇಯರಲ್ಲ. ಹೀಗಿರುವಾಗ ಮಿಷಿಗನ್‌ನ ಕಂಪನಿಯೊಂದರ ಎಚ್.ಆರ್. ವಿಭಾಗಕ್ಕೆ ‘ನನಗೆ ಜೆ-1 ಪ್ರಾಯೋಜಕತ್ವ ಕೊಡಿ’ ಎಂದು ಬರೆದರೆ, ಅಲ್ಲಿ ಪತ್ರ ತೆರೆದವರು ಅದನ್ನು ಎಚ್-1ಬಿ ಕೋರಿಕೆ ಎಂದು ಓದಿ ಬದಿಗಿಡುತ್ತಾರೆ. 2025ರ ಸೆಪ್ಟೆಂಬರ್ 19ರಂದು ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸುವ ಘೋಷಣೆಗೆ ಅಮೆರಿಕದ ಅಧ್ಯಕ್ಷರು ಸಹಿ ಹಾಕಿದ ಮೇಲಂತೂ ಪ್ರಾಯೋಜಕತ್ವ ಎಂಬ ಮಾತು ಕೇಳಿದರೆ ಸಾಕು, ಸಣ್ಣ ಕಂಪನಿಗಳು ಬಾಗಿಲು ಹಾಕಿಕೊಳ್ಳುತ್ತವೆ.

ಎರಡನೆಯ ತೊಡಕು ‘ಹುದ್ದೆ’ ಎಂಬ ಮಾತಿನಲ್ಲಿಯೇ ಇದೆ. ಜೆ-1 ಹುಟ್ಟಿದ್ದು 1961ರ ಫುಲ್‌ಬ್ರೈಟ್-ಹೇಸ್ ಕಾಯ್ದೆಯಿಂದ, ಮತ್ತು ಆ ಕಾಯ್ದೆಯ ಉದ್ದೇಶ ದೇಶಗಳ ನಡುವಿನ ಶೈಕ್ಷಣಿಕ ಹಾಗೂ ಸಾಂಸ್ಕೃತಿಕ ವಿನಿಮಯ. ಹೊರಗಿನಿಂದ ಬಂದವರು ಅಮೆರಿಕನ್ ಕೆಲಸಗಾರರ ಜಾಗವನ್ನು ತುಂಬಬಾರದು, ಕೆಲಸಗಾರರ ಕೊರತೆ ನೀಗಿಸಲು ಅವರನ್ನು ಬಳಸಬಾರದು ಎಂದು ನಿಯಮಾವಳಿ ನೇರವಾಗಿಯೇ ಹೇಳುತ್ತದೆ. ಖಾಲಿ ಇರುವ ಹುದ್ದೆಗೆ ಅರ್ಜಿ ಹಾಕಿ ಅದೇ ಹುದ್ದೆಯನ್ನು ಜೆ-1ರ ಅಡಿಯಲ್ಲಿ ಕೊಡಿ ಎಂದು ಕೇಳುವುದು, ಆದ್ದರಿಂದ, ಆ ನಿಯಮವನ್ನು ಮುರಿಯಿರಿ ಎಂದು ಕೇಳಿದಂತೆ. ನೀವು ಹುಡುಕಬೇಕಾದದ್ದು ಕಲಿಸಲು ಒಪ್ಪುವ ಆತಿಥೇಯರನ್ನು.

ಇನ್ನು ಯಾವ ವರ್ಗದಲ್ಲಿ ಹೋಗಬಹುದು ಎಂಬ ಪ್ರಶ್ನೆ. ಇಂಟರ್ನ್ ವರ್ಗ ಓದುತ್ತಿರುವವರಿಗೆ ಅಥವಾ ಪದವಿ ಮುಗಿಸಿ 12 ತಿಂಗಳು ದಾಟದವರಿಗೆ ಮೀಸಲಾದ್ದರಿಂದ ಅದನ್ನು ಮರೆತುಬಿಡಿ. ಟ್ರೈನಿ ವರ್ಗ ನಿಮಗೆ ಹೊಂದುತ್ತದೆ. ಅಮೆರಿಕದ ಹೊರಗೆ ಪಡೆದ ಪದವಿ ಮತ್ತು ಅದೇ ಕ್ಷೇತ್ರದಲ್ಲಿ ಅಮೆರಿಕದ ಹೊರಗೆ ಕನಿಷ್ಠ ಒಂದು ವರ್ಷದ ಅನುಭವ ಇರಬೇಕು, ಪದವಿ ಇಲ್ಲದಿದ್ದರೆ ಐದು ವರ್ಷದ ಅನುಭವ ಬೇಕು. ಅವಧಿ ಹೆಚ್ಚೆಂದರೆ 18 ತಿಂಗಳು. ನಿಮ್ಮ ಎಂ.ಎಸ್.ಡಬ್ಲ್ಯೂ. ಪದವಿಯ ಬಗ್ಗೆ ಒಂದು ಮಾತು. ನಮ್ಮಲ್ಲಿ ಎಂ.ಎಸ್.ಡಬ್ಲ್ಯೂ. ಮಾಡಿದವರು ಕಾರ್ಖಾನೆಯ ಐ.ಆರ್. ವಿಭಾಗ ಸೇರುವುದು ಎಲ್ಲರಿಗೂ ತಿಳಿದ ಸಂಗತಿ, ಆದರೆ ಅಮೆರಿಕದಲ್ಲಿ ಆ ಪದವಿ ಎಂದರೆ ಆಸ್ಪತ್ರೆ, ಮಕ್ಕಳ ರಕ್ಷಣೆ, ಆಪ್ತಸಮಾಲೋಚನೆ. ಆದ್ದರಿಂದ ಅಂಕಪಟ್ಟಿಯಲ್ಲಿ ಕಾರ್ಮಿಕ ಕಾನೂನು, ಸಿಬ್ಬಂದಿ ನಿರ್ವಹಣೆ, ಕೈಗಾರಿಕಾ ಸಂಬಂಧಗಳ ವಿಷಯಗಳನ್ನು ಗುರುತು ಮಾಡಿ ತೋರಿಸಿ. ಇಲ್ಲವಾದರೆ ನಿಮ್ಮ ಕಡತವನ್ನು ಸಮಾಜಸೇವೆಯ ವಿಭಾಗಕ್ಕೆ ದೂಡಿಬಿಡುತ್ತಾರೆ. ಪ್ರಾಯೋಜಕ ಸಂಸ್ಥೆಗಳಿಗೆ ಮಾನ್ಯತೆ ಸಿಗುವುದು ವರ್ಗಕ್ಕೆ ಮಾತ್ರವಲ್ಲ, ವೃತ್ತಿಕ್ಷೇತ್ರಕ್ಕೂ ಬೇರೆಬೇರೆಯಾಗಿ. ನಿಮ್ಮ ವಿಷಯ ‘ನಿರ್ವಹಣೆ, ವ್ಯವಹಾರ, ವಾಣಿಜ್ಯ ಮತ್ತು ಹಣಕಾಸು’ ಕ್ಷೇತ್ರಕ್ಕೆ ಅಥವಾ ‘ಸಾರ್ವಜನಿಕ ಆಡಳಿತ ಮತ್ತು ಕಾನೂನು’ ಕ್ಷೇತ್ರಕ್ಕೆ ಸೇರುತ್ತದೆ. ಇವೆರಡರಲ್ಲಿ ಒಂದಕ್ಕಾದರೂ ಮಾನ್ಯತೆ ಇರುವ ಸಂಸ್ಥೆಯನ್ನೇ ಹಿಡಿಯಬೇಕು. ವಿದೇಶಾಂಗ ಇಲಾಖೆ ಜೆ-1ಕ್ಕೆಂದೇ ನಡೆಸುವ ಜಾಲತಾಣದಲ್ಲಿ ಪ್ರಾಯೋಜಕರ ಪೂರ್ಣ ಪಟ್ಟಿ ಇದ್ದು, ವರ್ಗದ ಪ್ರಕಾರ ಶೋಧಿಸಬಹುದು. ಕಲ್ಚರಲ್ ವಿಸ್ಟಾಸ್, ಸಿ.ಐ.ಇ.ಇ. ಮೊದಲಾದ ಹೆಸರುಗಳು ಅಲ್ಲಿ ಕಾಣುತ್ತವೆ.

ಸ್ಪೆಷಲಿಸ್ಟ್ ಎಂಬ ಇನ್ನೊಂದು ವರ್ಗವೂ ಇದೆ. ಪರಿಣತರೊಬ್ಬರು ಒಂದು ವರ್ಷ ಮೀರದಂತೆ ಬಂದು ವೀಕ್ಷಿಸುವುದಕ್ಕೆ, ಸಮಾಲೋಚಿಸುವುದಕ್ಕೆ ಅಥವಾ ತಮ್ಮ ವಿಶೇಷ ಕೌಶಲವನ್ನು ತೋರಿಸುವುದಕ್ಕೆ ಇರುವ ವರ್ಗವಿದು. ‘ಸಮಾಲೋಚನೆ’ ಎಂಬ ಪದ ಕಂಡು ಇದೇ ತಮ್ಮದೆಂದು ಹಿಗ್ಗುವವರು ಬಹಳ. ಆದರೆ ಅಲ್ಲಿ ಪರಿಣತಿಗೆ ಗಟ್ಟಿಯಾದ ಪುರಾವೆ ಕೇಳುತ್ತಾರೆ, ಈ ವರ್ಗದ ಪ್ರಾಯೋಜಕರೂ ಕಡಿಮೆ. ಎಂಟು ವರ್ಷದ ಅನುಭವವನ್ನು ಪರಿಣತಿ ಎಂದು ಸಾಧಿಸುವುದಕ್ಕಿಂತ ಅದನ್ನು ಟ್ರೈನಿ ವರ್ಗದ ಅರ್ಹತೆಯಾಗಿ ತೋರಿಸುವುದು ಸುಲಭ. ವಿಶ್ವವಿದ್ಯಾಲಯದ ದಾರಿಯೂ ಉಂಟು: ಶಾರ್ಟ್ ಟರ್ಮ್ ಸ್ಕಾಲರ್ ವರ್ಗದಲ್ಲಿ ಆರು ತಿಂಗಳವರೆಗೆ ಹೋಗಬಹುದು. 1945ರಲ್ಲಿ ಆರಂಭವಾದ ಕಾರ್ನೆಲ್‌ನ ಐ.ಎಲ್.ಆರ್. ಶಾಲೆ, ಇಲಿನಾಯ್, ರಟ್‌ಗರ್ಸ್ ಮತ್ತು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯಗಳ ಕಾರ್ಮಿಕ ಸಂಬಂಧಗಳ ಶಾಲೆಗಳು ಈ ವಿಷಯಕ್ಕೆ ಹೆಸರಾದವು. ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ತಾವೇ ಪ್ರಾಯೋಜಕರಾಗಿರುವುದರಿಂದ ಅಲ್ಲಿ ಮಧ್ಯವರ್ತಿ ಬೇಕಿಲ್ಲ. ಬೇಕಿರುವುದು ನಿಮ್ಮನ್ನು ಆಹ್ವಾನಿಸುವ ಒಬ್ಬ ಪ್ರಾಧ್ಯಾಪಕರು.

ಈಗ ಆತಿಥೇಯರನ್ನು ಎಲ್ಲಿ ಹುಡುಕುವುದು ಎಂಬುದಕ್ಕೆ ಬರೋಣ. ಸಲಹಾ ಕಂಪನಿಗಳನ್ನು ಸದ್ಯಕ್ಕೆ ಬದಿಗಿಡಿ ಎಂಬುದು ನನ್ನ ಸಲಹೆ. ನಿಮಗೆ ಇದು ವಿಚಿತ್ರವೆನಿಸಬಹುದು. ಸಲಹೆಗಾರರ ಕೆಲಸ ನಡೆಯುವುದೇ ಗಿರಾಕಿಗಳ ಕಾರ್ಖಾನೆಯಲ್ಲಿ. ಟ್ರೈನಿ ಎಲ್ಲೆಲ್ಲಿ ಕಲಿಯುತ್ತಾರೆ, ಪ್ರತಿ ಜಾಗದಲ್ಲಿ ಮೇಲ್ವಿಚಾರಣೆ ಯಾರದು ಎಂಬುದನ್ನು ಮೊದಲೇ ಬರೆದುಕೊಡಬೇಕಾದ್ದರಿಂದ ವಾರಕ್ಕೊಂದು ಊರು ಸುತ್ತುವ ಕಾರ್ಯಕ್ರಮಕ್ಕೆ ಪ್ರಾಯೋಜಕರು ಸುಲಭವಾಗಿ ಒಪ್ಪುವುದಿಲ್ಲ. ಸಿಬ್ಬಂದಿ ಪೂರೈಕೆ ಏಜೆನ್ಸಿಗಳನ್ನು ಈ ಕಾರ್ಯಕ್ರಮದಲ್ಲಿ ಯಾವ ರೀತಿಯಲ್ಲೂ ಸೇರಿಸಿಕೊಳ್ಳಬಾರದೆಂಬ ಸ್ಪಷ್ಟ ನಿಷೇಧವೂ ಇದೆ.

ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ನಮ್ಮಲ್ಲಿ ಐ.ಆರ್. ಸಲಹೆಗಾರರೆಂದರೆ ಬೇಡಿಕೆ ಪಟ್ಟಿಗೆ ಉತ್ತರ ಬರೆದುಕೊಡುವವರು, ಆಂತರಿಕ ವಿಚಾರಣೆ ನಡೆಸಿಕೊಡುವವರು, ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ರಾಜಿ ಸಂಧಾನದ ದಿನ ಆಡಳಿತದ ಪರವಾಗಿ ಹಾಜರಾಗುವವರು. ಅಮೆರಿಕದಲ್ಲಿ ಲೇಬರ್ ರಿಲೇಷನ್ಸ್ ಕನ್ಸಲ್ಟೆಂಟ್ ಎಂಬ ಹೆಸರಿಗೆ ಬೇರೊಂದು ವಾಸನೆಯೂ ಅಂಟಿದೆ: ಯೂನಿಯನ್ ಕಟ್ಟಬೇಡಿ ಎಂದು ಕಾರ್ಮಿಕರ ಮನವೊಲಿಸಲು ಕಂಪನಿ ಗೊತ್ತುಮಾಡುವವರನ್ನೂ ಅಲ್ಲಿ ಹೀಗೆಯೇ ಕರೆಯುತ್ತಾರೆ. 1959ರ ಲ್ಯಾಂಡ್ರಮ್-ಗ್ರಿಫಿನ್ ಕಾಯ್ದೆಯ ಪ್ರಕಾರ ಅಂಥ ಕೆಲಸ ಒಪ್ಪಿಕೊಂಡ ಸಲಹೆಗಾರರು ಒಪ್ಪಂದವಾದ 30 ದಿನಗಳೊಳಗೆ ಎಲ್.ಎಂ.-20 ಎಂಬ ವರದಿಯನ್ನು ಕಾರ್ಮಿಕ ಇಲಾಖೆಗೆ ಸಲ್ಲಿಸಬೇಕು, ಹಣ ಕೊಟ್ಟ ಕಂಪನಿ ಎಲ್.ಎಂ.-10 ಸಲ್ಲಿಸಬೇಕು. ಈ ವರದಿಗಳು ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡುವಂತೆ ತೆರೆದಿವೆ. ನಿಮಗೆ ಯಾವುದಾದರೂ ಸಲಹಾ ಕಂಪನಿಯಿಂದ ಕರೆ ಬಂದರೆ ಮೊದಲು ಅದರ ಹೆಸರನ್ನು ಅಲ್ಲಿ ಹುಡುಕಿ, ಅವರು ಮಾಡುವುದು ಎಂಥ ಕೆಲಸ ಎಂದು ತಿಳಿದುಕೊಳ್ಳಿ. ಆ ಕೆಲಸ ಕಾನೂನುಬಾಹಿರವಲ್ಲ. ಆದರೆ ವಿನಿಮಯದ ವೀಸಾದಲ್ಲಿ ಬಂದವರು ಅಂಥ ಪ್ರಚಾರದ ನಡುವೆ ಕಾಣಿಸಿಕೊಳ್ಳುವುದನ್ನು ಯಾವ ಪ್ರಾಯೋಜಕರೂ ಬಯಸಲಾರರು. ಮರಳಿ ಬಂದು ಇಲ್ಲಿನ ಯೂನಿಯನ್ ಮುಖಂಡರೊಡನೆ ಮೇಜಿನ ಎದುರು ಕೂರಬೇಕಾದ ನಿಮಗೂ ಅದು ಹಿತವಲ್ಲ.

ಹಾಗಾದರೆ ಯಾರನ್ನು ಕೇಳಬೇಕು? ತಮ್ಮೊಳಗೇ ಕಾರ್ಮಿಕ ಸಂಬಂಧಗಳ ವಿಭಾಗ ಇಟ್ಟುಕೊಂಡಿರುವ, ಯೂನಿಯನ್ನೊಂದಿಗೆ ಜಾರಿಯಲ್ಲಿರುವ ಒಪ್ಪಂದ ಇರುವ ಸಂಸ್ಥೆಗಳನ್ನು: ವಾಹನ ಹಾಗೂ ಬಿಡಿಭಾಗ ತಯಾರಕರು, ದೊಡ್ಡ ಆಸ್ಪತ್ರೆ ಸಮೂಹಗಳು, ವಿಶ್ವವಿದ್ಯಾಲಯಗಳು, ನಗರ ಸಾರಿಗೆ ಸಂಸ್ಥೆಗಳು. ನಿಮ್ಮ ಆರು ವರ್ಷ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕಳೆದಿರುವುದರಿಂದ ಮಿಷಿಗನ್, ಒಹಾಯೊಗಳ ವಾಹನೋದ್ಯಮವೇ ಮೊದಲ ಗುರಿಯಾಗಲಿ. ಅಲ್ಲಿ ವಾಹನ ಕಾರ್ಮಿಕರ ಯು.ಎ.ಡಬ್ಲ್ಯೂ. ಯೂನಿಯನ್ 2023ರ ಸೆಪ್ಟೆಂಬರ್ 15ರಂದು ಮೂರು ದೊಡ್ಡ ವಾಹನ ಕಂಪನಿಗಳ ವಿರುದ್ಧ ಒಟ್ಟಿಗೆ ಮುಷ್ಕರ ಹೂಡಿ ಪಡೆದ ಒಪ್ಪಂದಗಳ ಅವಧಿ 2028ರ ಏಪ್ರಿಲ್ 30ಕ್ಕೆ ಮುಗಿಯುತ್ತದೆ. ಒಪ್ಪಂದ ಮುಗಿಯುವ ಮುಂಚಿನ ವರ್ಷ ಹೇಗಿರುತ್ತದೆ ಎಂಬುದು ಕಾರ್ಮಿಕ ಇಲಾಖೆಯ ರಾಜಿ ಸಂಧಾನದಲ್ಲಿ ಆಗುವ 12(3) ಒಪ್ಪಂದಗಳನ್ನು ಬಲ್ಲ ನಿಮಗೆ ಗೊತ್ತೇ ಇದೆ: ಲೆಕ್ಕ ಹಾಕುವುದು, ಹಳೆಯ ಕಡತ ತೆಗೆಯುವುದು, ಎದುರು ಪಕ್ಷ ಏನು ಕೇಳಬಹುದೆಂದು ಅಂದಾಜಿಸುವುದು. ಆ ಸಿದ್ಧತೆಯ ಕಾಲ ಕಲಿಯುವವರಿಗೆ ಸುಗ್ಗಿ. ಬಿಡದಿಯಲ್ಲೋ ನರಸಾಪುರದಲ್ಲೋ ಕಾರ್ಖಾನೆ ಇರುವ ಕಂಪನಿಯ ಅಮೆರಿಕದ ಶಾಖೆಯಾದರೆ ಇನ್ನೂ ಒಳ್ಳೆಯದು, ಏಕೆಂದರೆ ನಿಮಗೆ ಕಲಿಸಿ ಅವರಿಗೇನು ಲಾಭ ಎಂಬ ಪ್ರಶ್ನೆಗೆ ಉತ್ತರ ಅಲ್ಲಿ ತಾನಾಗಿಯೇ ಸಿಗುತ್ತದೆ. 1947ರಿಂದ ಇರುವ ಲೇಬರ್ ಆ್ಯಂಡ್ ಎಂಪ್ಲಾಯ್ಮೆಂಟ್ ರಿಲೇಷನ್ಸ್ ಅಸೋಸಿಯೇಷನ್‌ನಲ್ಲಿ ಆಡಳಿತದವರು, ಯೂನಿಯನ್‌ನವರು, ಮಧ್ಯಸ್ಥಗಾರರು, ಪ್ರಾಧ್ಯಾಪಕರು ಎಲ್ಲರೂ ಸದಸ್ಯರು. ನೇಮಕಾತಿ ಜಾಹೀರಾತಿಗೆ ಅರ್ಜಿ ಕಳಿಸುವುದಕ್ಕಿಂತ ಅಲ್ಲಿ ಪರಿಚಯ ಬೆಳೆಸಿಕೊಂಡು ಪತ್ರ ಬರೆಯುವುದು ಫಲ ಕೊಡುತ್ತದೆ. ಅಲ್ಲಿನ ಕನ್ನಡ ಕೂಟದವರನ್ನು ಕೇಳಲೇ ಎಂದು ಹಲವರು ವಿಚಾರಿಸುತ್ತಾರೆ. ಅವರು ಇಳಿಯಲು ಜಾಗ ಕೊಟ್ಟು ಹಬ್ಬದೂಟ ಹಾಕಿಯಾರು, ಡಿ.ಎಸ್.-2019 ಕೊಡಲಾರರು.

ಆತಿಥೇಯರಿಗೆ ಬರೆಯುವ ಮೊದಲ ಪತ್ರದಲ್ಲಿಯೇ ಮೂರು ಸಂಗತಿ ಸ್ಪಷ್ಟವಾಗಿರಲಿ: ನೀವು ಕೇಳುತ್ತಿರುವುದು ಹುದ್ದೆಯನ್ನಲ್ಲ, ತರಬೇತಿಯನ್ನು; ವೀಸಾದ ಜವಾಬ್ದಾರಿ ಹೊರುವುದು ಅವರಲ್ಲ, ಮಾನ್ಯತೆ ಪಡೆದ ಪ್ರಾಯೋಜಕ ಸಂಸ್ಥೆ; ಅವರ ಮೇಲೆ ಬೀಳುವ ಹೊರೆ ಒಬ್ಬ ಮೇಲ್ವಿಚಾರಕರ ಸಮಯ, ಸಂಬಳ ಅಥವಾ ಭತ್ಯೆ, ಮತ್ತು ಕೆಲವು ದಾಖಲೆಗಳು. ಆ ದಾಖಲೆಗಳಲ್ಲಿ ಅವರ ತೆರಿಗೆ ಗುರುತಿನ ಸಂಖ್ಯೆ, ಕಾರ್ಮಿಕರ ಪರಿಹಾರ ವಿಮೆಯ ಪುರಾವೆ ಸೇರಿವೆ. 25ಕ್ಕಿಂತ ಕಡಿಮೆ ಸಿಬ್ಬಂದಿ ಇರುವ ಅಥವಾ ವರ್ಷಕ್ಕೆ 30 ಲಕ್ಷ ಡಾಲರ್‌ಗಿಂತ ಕಡಿಮೆ ವರಮಾನವಿರುವ ಸಂಸ್ಥೆ ಮೊದಲ ಬಾರಿ ಆತಿಥ್ಯ ವಹಿಸುವುದಾದರೆ ಪ್ರಾಯೋಜಕರು ಅಲ್ಲಿಗೆ ಖುದ್ದಾಗಿ ಹೋಗಿ ನೋಡಲೇಬೇಕು. ಇದೆಲ್ಲ ಒಂದು ಪುಟದಲ್ಲಿ ಮುಗಿಯಬೇಕು.

ಕಾರ್ಯಕ್ರಮದ ಹೃದಯ ಡಿ.ಎಸ್.-7002 ಎಂಬ ತರಬೇತಿ ಯೋಜನೆಯ ನಮೂನೆ. ಟ್ರೈನಿ, ಆತಿಥೇಯ ಸಂಸ್ಥೆಯ ಮೇಲ್ವಿಚಾರಕರು, ಪ್ರಾಯೋಜಕರು ಮೂವರೂ ಇದಕ್ಕೆ ಸಹಿ ಹಾಕುತ್ತಾರೆ. ತರಬೇತಿಯನ್ನು ಹಂತಗಳಾಗಿ ವಿಂಗಡಿಸಿ, ಪ್ರತಿ ಹಂತದ ಗುರಿ, ಮಾಡುವ ಕೆಲಸ, ಕಲಿಸುವ ವಿಧಾನ, ಮೇಲ್ವಿಚಾರಕರ ಅರ್ಹತೆ, ಕಲಿತದ್ದನ್ನು ಅಳೆಯುವ ಬಗೆ ಇವನ್ನೆಲ್ಲ ಬರೆಯಬೇಕು. ವಾರಕ್ಕೆ ಕನಿಷ್ಠ 32 ಗಂಟೆ ತರಬೇತಿ ಇರಬೇಕು, ಅದರಲ್ಲಿ ಗುಮಾಸ್ತಿಕೆಯ ಪಾಲು ಶೇ 20 ಮೀರಬಾರದು. ಹೆಚ್ಚಿನ ಯೋಜನೆಗಳು ಸೋಲುವುದು ಈ ನಮೂನೆಯಲ್ಲಿಯೇ, ಯಾಕೆಂದರೆ ‘ಎಚ್.ಆರ್. ತಂಡಕ್ಕೆ ನೆರವಾಗುವುದು, ಕಾರ್ಮಿಕ ಸಂಬಂಧಗಳ ಬಗ್ಗೆ ಸಲಹೆ ನೀಡುವುದು’ ಎಂದು ಬರೆದಿರುತ್ತಾರೆ. ನೆರವು ಎಂದರೆ ದುಡಿಮೆ, ಸಲಹೆ ಎಂದರೆ ಈಗಾಗಲೇ ಕಲಿತಾಗಿದೆ ಎಂದರ್ಥ. ಓದುವವರಿಗೆ ತರಬೇತಿ ಎಲ್ಲಿಯೂ ಕಾಣುವುದಿಲ್ಲ.

ನಿಮ್ಮ ಯೋಜನೆಗೆ ಆಧಾರವಾಗಬಲ್ಲ ಬಲವಾದ ಕಾರಣವೊಂದು ಈಗ ತಾನಾಗಿ ಒದಗಿಬಂದಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ, ಒಂದಕ್ಕಿಂತ ಹೆಚ್ಚು ಸಂಘಗಳಿರುವ ಕಾರ್ಖಾನೆಯಲ್ಲಿ ಶೇ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘವೇ ಏಕಮಾತ್ರ ಸಂಧಾನಕಾರ ಸಂಘವಾಗುತ್ತದೆ; ಯಾವ ಸಂಘಕ್ಕೂ ಅಷ್ಟು ಬೆಂಬಲವಿಲ್ಲದಿದ್ದರೆ ಸಂಧಾನ ಮಂಡಳಿ ರಚಿಸಬೇಕು. ಒಂದೇ ಗೇಟಿನ ಮುಂದೆ ಎರಡು ಮೂರು ಬಾವುಟ ಹಾರುವುದನ್ನು ನೋಡುತ್ತ ಬಂದ ನಮಗೆ ಇದು ಹೊಸ ವ್ಯವಸ್ಥೆ. ಅಮೆರಿಕದಲ್ಲಾದರೋ ಬಹುಮತ ಪಡೆದ ಯೂನಿಯನ್ನೇ ಎಲ್ಲರ ಪರವಾಗಿ ಮಾತಾಡುವ ಪದ್ಧತಿ 1935ರ ವ್ಯಾಗ್ನರ್ ಕಾಯ್ದೆಯಿಂದ ನಡೆದುಬಂದಿದೆ. ಬಹುಮತವನ್ನು ಗುಪ್ತ ಮತದಾನದಿಂದ ನಿರ್ಣಯಿಸುವುದು, ಸೋತ ಗುಂಪಿನವರ ದೂರನ್ನೂ ಗೆದ್ದ ಸಂಘವೇ ನ್ಯಾಯವಾಗಿ ಪ್ರತಿನಿಧಿಸುವುದು, ಒಪ್ಪಂದ ಜಾರಿಯಲ್ಲಿರುವಾಗ ಹುಟ್ಟುವ ಜಗಳಗಳನ್ನು ಮುಷ್ಕರಕ್ಕೆ ಬಿಡದೆ ಖಾಸಗಿ ಮಧ್ಯಸ್ಥಗಾರರ ಮುಂದಿಡುವುದು, ಇವುಗಳಲ್ಲಿ ಅವರಿಗೆ ಹಲವು ದಶಕಗಳ ರೂಢಿಯಿದೆ. ಈ ತರಬೇತಿಗೆ ಅಮೆರಿಕಕ್ಕೇ ಯಾಕೆ ಬರಬೇಕು ಎಂಬ ಪ್ರಶ್ನೆಗೂ, ಕಲಿತು ಭಾರತಕ್ಕೆ ಯಾಕೆ ಮರಳುತ್ತೀರಿ ಎಂಬ ಪ್ರಶ್ನೆಗೂ ಇದೊಂದೇ ಉತ್ತರ ಸಾಕಾಗುತ್ತದೆ.

ಒಂದು ಹಂತವನ್ನು ಹೀಗೆ ಬರೆಯಬಹುದು. ಹಂತದ ಹೆಸರು: ದೂರು ನಿರ್ವಹಣೆ ಮತ್ತು ಮಧ್ಯಸ್ಥಿಕೆ, ಐದು ತಿಂಗಳು. ಮೊದಲ ತಿಂಗಳು ಜಾರಿಯಲ್ಲಿರುವ ಒಪ್ಪಂದದ ದೂರು ವಿಧಿಯನ್ನು ಮೇಲ್ವಿಚಾರಕರೊಡನೆ ಕಲಂವಾರು ಓದುವುದು. ಎರಡು ಮತ್ತು ಮೂರನೆಯ ತಿಂಗಳು ಮೊದಲ ಹಾಗೂ ಎರಡನೆಯ ಮಟ್ಟದ ದೂರು ಸಭೆಗಳಲ್ಲಿ ವೀಕ್ಷಕಿಯಾಗಿ ಕೂತು, ಪ್ರತಿ ಸಭೆಯ ನಂತರ ಟಿಪ್ಪಣಿ ಬರೆದು ಒಪ್ಪಿಸುವುದು. ಉಳಿದ ಅವಧಿಯಲ್ಲಿ ಮುಗಿದುಹೋದ ಐದು ಮಧ್ಯಸ್ಥಿಕೆ ತೀರ್ಪುಗಳನ್ನು ಆಯ್ದು, ಅದೇ ವಿವಾದ ಕರ್ನಾಟಕದಲ್ಲಿ ನಡೆದಿದ್ದರೆ ಯಾವ ದಾರಿ ಹಿಡಿಯುತ್ತಿತ್ತು ಎಂದು ತುಲನಾತ್ಮಕ ವರದಿ ಸಿದ್ಧಪಡಿಸಿ ಮಂಡಿಸುವುದು. ಈ ಯೋಜನೆಯಲ್ಲಿ ನೀವಿಲ್ಲದಿದ್ದರೂ ಕಂಪನಿಯ ಯಾವ ಕೆಲಸವೂ ನಿಲ್ಲುವುದಿಲ್ಲ ಎಂಬುದನ್ನು ಗಮನಿಸಿ. ಪ್ರಾಯೋಜಕರು ಹುಡುಕುವುದು ಅದನ್ನೇ.

ಅನುಭವದ ಪುರಾವೆಯಾಗಿ ಬಿಡದಿಯ ಕಂಪನಿಯ ಅನುಭವ ಪತ್ರ, ಫಾರಂ 16, ಪಿ.ಎಫ್. ವಿವರ ಇಡಿ. ಸ್ವತಂತ್ರ ಸಲಹೆಗಾರ್ತಿಯಾದ ಎರಡು ವರ್ಷಗಳಿಗೆ ಗಿರಾಕಿಗಳ ಪತ್ರ ಮತ್ತು ಆದಾಯ ತೆರಿಗೆ ವಿವರ ಬೇಕಾಗುತ್ತದೆ. ಆಡಳಿತದ ಪ್ರತಿನಿಧಿಯಾಗಿ ನಿಮ್ಮ ಸಹಿ ಇರುವ 12(3) ಒಪ್ಪಂದದ ಅಥವಾ ಯೂನಿಯನ್ ಜೊತೆ ನೇರವಾಗಿ ಮಾಡಿಕೊಂಡ 18(1) ಒಪ್ಪಂದದ ಪ್ರತಿ ಇದ್ದರೆ, ಗೋಪ್ಯತೆಗೆ ಧಕ್ಕೆ ಬಾರದಂತೆ ಕಂಪನಿಯ ಒಪ್ಪಿಗೆ ಪಡೆದು, ಅದರ ಕೊನೆಯ ಪುಟವನ್ನು ಲಗತ್ತಿಸಿ. ಹತ್ತು ಸಾಲಿನ ವಿವರಣೆಗಿಂತ ಆ ಒಂದು ಪುಟ ಹೆಚ್ಚು ಹೇಳುತ್ತದೆ. ಇಂಗ್ಲಿಷ್ ಸಾಮರ್ಥ್ಯವನ್ನು ಮಾನ್ಯತೆ ಪಡೆದ ಪರೀಕ್ಷೆಯಿಂದ, ಶಿಕ್ಷಣ ಸಂಸ್ಥೆಯ ಪತ್ರದಿಂದ ಅಥವಾ ಪ್ರಾಯೋಜಕರು ನಡೆಸುವ ಸಂದರ್ಶನದಿಂದ ತೋರಿಸಬಹುದು.

ಏಜೆಂಟರ ವಿಷಯ. ಅಮೆರಿಕ ಸರ್ಕಾರಕ್ಕೆ ಕಟ್ಟುವುದು ಸೆವಿಸ್ (ವಿನಿಮಯಕ್ಕೆ ಬರುವವರ ದಾಖಲೆ ವ್ಯವಸ್ಥೆ) ಶುಲ್ಕ 220 ಡಾಲರ್ ಮತ್ತು ವೀಸಾ ಅರ್ಜಿ ಶುಲ್ಕ 185 ಡಾಲರ್. ಇದರ ಮೇಲೆ ಪ್ರಾಯೋಜಕರ ಶುಲ್ಕವಿದೆ, ವಿಮೆಯಿದೆ. ವಿಮೆ ಪ್ರತಿ ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ ಒಂದು ಲಕ್ಷ ಡಾಲರ್ ವೈದ್ಯಕೀಯ ವೆಚ್ಚ ಭರಿಸುವಂತಿರಬೇಕು. ಯಾರಾದರೂ ಪ್ರಾಯೋಜಕರ ಪರವಾಗಿ ಕೆಲಸ ಮಾಡಬೇಕಾದರೆ ಅವರ ನಡುವೆ ಲಿಖಿತ ಒಪ್ಪಂದವಿರಬೇಕೆಂದು ನಿಯಮವಿದೆ. ಆದ್ದರಿಂದ ನಿಮ್ಮ ಏಜೆಂಟರನ್ನು ಒಂದೇ ಮಾತು ಕೇಳಿ: ಯಾವ ಪ್ರಾಯೋಜಕ ಸಂಸ್ಥೆ? ಹೆಸರು ಹೇಳಿದರೆ ಆ ಸಂಸ್ಥೆಗೆ ನೀವೇ ಇ-ಮೇಲ್ ಬರೆದು ಇವರು ನಿಮ್ಮವರೇ ಎಂದು ವಿಚಾರಿಸಿ. ‘ಖಚಿತ’ ಎಂಬ ಮಾತು ಕಾನ್ಸುಲೇಟಿನ ಅಧಿಕಾರಿಯ ಬಾಯಿಂದ ಬರುವವರೆಗೆ ಯಾರ ಬಾಯಲ್ಲೂ ಇರಕೂಡದು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವವರಿಗೆ ನಾಲ್ಕು ಲಕ್ಷ ಕೊಡಬೇಡಿ.

ಸಂದರ್ಶನಕ್ಕೆ ನೀವು ಚೆನ್ನೈಗೋ ಹೈದರಾಬಾದಿಗೋ ಹೋಗಬೇಕು. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕನ್ ಕಾನ್ಸುಲೇಟ್ ಉದ್ಘಾಟನೆಯಾದರೂ ಅಂದು ಅಲ್ಲಿ ವೀಸಾ ಸೇವೆ ಆರಂಭಿಸಲಿಲ್ಲ. ಜೆ-1 ಅರ್ಜಿದಾರರು ವಲಸೆಯ ಉದ್ದೇಶ ತಮಗಿಲ್ಲವೆಂದು ಮನವರಿಕೆ ಮಾಡಿಕೊಡಬೇಕು. ಮರಳಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದಾಗ ಪೀಣ್ಯದ ಗಿರಾಕಿಗಳ ಪತ್ರ, ಹೊಸ ಸಂಹಿತೆಯಿಂದ ಅವರಿಗೆ ಬಂದಿರುವ ಅಗತ್ಯ ಇವೇ ನಿಮ್ಮ ಬಲ. 2025ರ ಜೂನ್‌ನಿಂದ ಜೆ ವೀಸಾ ಅರ್ಜಿದಾರರು ತಮ್ಮ ಸಾಮಾಜಿಕ ಜಾಲತಾಣದ ಖಾತೆಗಳನ್ನು ಸಾರ್ವಜನಿಕವಾಗಿ ತೆರೆದಿಡಬೇಕೆಂದು ಸೂಚಿಸಲಾಗಿದೆ. ನಿಮ್ಮ ಲಿಂಕ್ಡ್‌ಇನ್ ಪುಟದಲ್ಲಿ ‘ಅಮೆರಿಕದಲ್ಲಿ ಕನ್ಸಲ್ಟೆಂಟ್ ಹುದ್ದೆ ಬೇಕಾಗಿದೆ’ ಎಂದಿದ್ದರೆ ಅದನ್ನು ಇಂದೇ ಸರಿಪಡಿಸಿ. ನೀವು ಈಗ ಬೇಡುವುದು ಹುದ್ದೆಯನ್ನಲ್ಲವಾದ್ದರಿಂದ ಆ ಸಾಲು ಸತ್ಯವೂ ಅಲ್ಲ.

ಎರಡು ವರ್ಷ ತಾಯ್ನಾಡಿನಲ್ಲಿರಬೇಕೆಂಬ ನಿಯಮ ಎಲ್ಲ ಜೆ-1ದಾರರಿಗೂ ಅಂಟುವಂಥದ್ದಲ್ಲ. ಸರ್ಕಾರಿ ಹಣದಿಂದ ಹೋದವರಿಗೆ, ವೈದ್ಯಕೀಯ ತರಬೇತಿಗೆ ಹೋದವರಿಗೆ ಮತ್ತು ತಮ್ಮ ದೇಶಕ್ಕೆ ಅಗತ್ಯವೆಂದು ಅಮೆರಿಕ ಗುರುತಿಸಿರುವ ಕೌಶಲ ಪಟ್ಟಿಯಲ್ಲಿರುವ ವೃತ್ತಿಯವರಿಗೆ ಅದು ಅನ್ವಯಿಸುತ್ತದೆ. 2024ರ ಡಿಸೆಂಬರ್ 9ರಂದು ಹೊರಬಂದ ಪರಿಷ್ಕೃತ ಪಟ್ಟಿಯಿಂದ ಭಾರತವನ್ನು ಕೈಬಿಡಲಾಗಿದೆ. ಹಾಗಾಗಿ ಖಾಸಗಿ ಆತಿಥೇಯರ ಬಳಿಗೆ ಹೋಗುವ ನಿಮಗೆ ಆ ಬಂಧನವಿರುವುದಿಲ್ಲ. ಫುಲ್‌ಬ್ರೈಟ್-ನೆಹರೂ ವಿದ್ಯಾರ್ಥಿವೇತನದಂಥ ಸರ್ಕಾರಿ ನೆರವಿನಲ್ಲಿ ಹೋದರೆ ಇರುತ್ತದೆ. ಬಂಧನವಿರಲಿ ಇಲ್ಲದಿರಲಿ, ಟ್ರೈನಿಯಾಗಿ ಮತ್ತೊಮ್ಮೆ ಹೋಗಬೇಕಾದರೆ ಮೊದಲ ಕಾರ್ಯಕ್ರಮದ ನಂತರ ಎರಡು ವರ್ಷ ಅಮೆರಿಕದ ಹೊರಗೆ ಇದ್ದಿರಬೇಕು.

ನಿಮ್ಮ ಪತಿ ಜೆ-1ದಾರರ ಕುಟುಂಬಕ್ಕೆ ಕೊಡುವ ಜೆ-2 ವೀಸಾದಲ್ಲಿ ಬರಬಹುದು, ಅವರಿಗೂ ನಿಮ್ಮಂತೆಯೇ ವಿಮೆ ಕಡ್ಡಾಯ. ಅಲ್ಲಿಗೆ ತಲುಪಿದ ಮೇಲೆ ಕೆಲಸದ ಅನುಮತಿಗಾಗಿ ಐ-765 ಅರ್ಜಿ ಹಾಕಿ, ಅನುಮತಿ ಪತ್ರ ಕೈಗೆ ಬಂದ ನಂತರ ಅವರು ಕೆಲಸ ಮಾಡಬಹುದು. ಆ ಅರ್ಜಿಯ ಜೊತೆಗಿಡುವ ಪತ್ರದಲ್ಲಿ ಅವರ ಸಂಬಳ ಕುಟುಂಬದ ಪ್ರವಾಸ, ಓದು ಮೊದಲಾದ ತಮ್ಮ ಖರ್ಚುಗಳಿಗೆ ಎಂದಿರಲಿ. ನಿಮ್ಮನ್ನು ಪೋಷಿಸಲು ಆ ಹಣ ಬೇಕೆಂದು ಬರೆದರೆ ಅನುಮತಿ ಸಿಗುವುದಿಲ್ಲ.